ಸಹಾಯ ಬೇಕು: ಚಳಿಗಾಳಿಗೆ ಮುಖ ಒಡೆದಿದೆ, ಹೊರಡುವ ಮುಂಚೆ ಏನು ಹಚ್ಚಬೇಕು?

ಎಲ್ಲರಿಗೂ ನಮಸ್ಕಾರ. ನಾವು ಬೀದರ್‌ನವರು. ನನ್ನ ತಮ್ಮ ನಸುಕಿನಲ್ಲೇ ಬೈಕ್ ಮೇಲೆ ಮನೆಮನೆಗೆ ಹಾಲು ಹಾಕಲು ಹೋಗುತ್ತಾನೆ. ಡಿಸೆಂಬರ್‌ನಲ್ಲಿ ಇಲ್ಲಿನ ಚಳಿ ಗೊತ್ತಲ್ವಾ, ಅದರ ಮೇಲೆ ಒಣಗಾಳಿ ಬೇರೆ. ಕೆನ್ನೆ, ಮೂಗು ಕೆಂಪಾಗಿ ಉರಿಯುತ್ತಿವೆ. ತುಟಿ ಒಡೆದು ರಕ್ತ ಬರುತ್ತಿದೆ. ಊಟದ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ, ನೋಡೋಕೆ ಆಗುವುದಿಲ್ಲ.

ಮುಖಕ್ಕೆ ಸೋಪು ಬಿಡಿಸಿದ್ದೇವೆ, ಸುಡುನೀರೂ ಇಲ್ಲ, ಉಗುರುಬೆಚ್ಚಗಿನ ನೀರು ಮಾತ್ರ. ಕೊಬ್ಬರಿ ಎಣ್ಣೆ ಸ್ವಲ್ಪ ಹೊತ್ತಿಗಷ್ಟೇ. ಅಲೋವೆರಾ ಜೆಲ್ ಹಚ್ಚಿದರೆ ಉರಿ ಜಾಸ್ತಿ ಆಯಿತು. ಮೆಡಿಕಲ್‌ನವರು ಕೊಟ್ಟ ಸ್ಟೀರಾಯ್ಡ್ ಮುಲಾಮು ಹಚ್ಚಿಲ್ಲ, ಡಾಕ್ಟರ್ ಹೇಳದೆ ಅದನ್ನು ಮುಖಕ್ಕೆ ಸುಮ್ನೆ ಹಚ್ಚಬಾರದು. ರಾತ್ರಿ ಮುಖ ತೊಳೆದು, ಪಸೆ ಇರುವಾಗಲೇ ವ್ಯಾಸಲೀನ್ ಹಚ್ಚಿದರೆ ಬೆಳಗ್ಗೆ ಮೆತ್ತಗಿರುತ್ತದೆ. ಆದರೆ ಒಂದು ಸುತ್ತು ಹೋಗಿ ಬಂದರೆ ಮತ್ತೆ ಅದೇ ಉರಿ. ಮಫ್ಲರ್ ಕಟ್ಟಿದರೆ ಉಸಿರಿಗೆ ಒದ್ದೆಯಾಗಿ ಗದ್ದಕ್ಕೆ ಉಜ್ಜುತ್ತದೆ.

ನನಗೆ ತಿಳಿಯದಿರುವುದು ಇಷ್ಟೇ. ಹೊರಡುವ ಮುಂಚೆಯೂ ವ್ಯಾಸಲೀನ್ ದಪ್ಪಗೆ ಹಚ್ಚಬಹುದಾ, ಇಲ್ಲ ಒಡೆದ ಜಾಗಕ್ಕೆ ರಸ್ತೆಯ ಧೂಳು ಅಂಟಿ ಕೀವಾಗುತ್ತದಾ? ಚಳಿಯಲ್ಲಿ ದಿನಾ ಗಾಡಿ ಓಡಿಸುವವರು ಮತ್ತು ಚರ್ಮದ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.