ಲಾರಿಯ ಬಲಗಡೆ ದೀಪವನ್ನು ನಂಬಬೇಡ, ಸವಿತಾ

ಸವಿತಾ, ನಿನ್ನ ಪ್ರಶ್ನೆಯನ್ನು ಈಗ ನೋಡಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವಾಗ ಬಲಗಡೆ ಇಂಡಿಕೇಟರ್ ಹಾಕಿಯೇ ಲೇನ್ ಬದಲಿಸುತ್ತೇನೆ, ಆದರೂ ಹಿಂದಿನವರು ಹಾರ್ನ್ ಬಾರಿಸಿ ಬೈದು ಹೋಗುತ್ತಾರೆ, ಈಚೆಗೆ ಅದರ ಟಿಕ್ ಟಿಕ್ ಸದ್ದೂ ಅವಸರವಾಗಿ ಬರುತ್ತಿದೆ, ಭಯವಾಗುತ್ತದೆ ಎಂದು ಕೇಳಿದ್ದೀಯ. ಭಯ ಇರಲಿ ತಾಯಿ. ಭಯವಿಲ್ಲದವರ ಗಾಡಿಯಲ್ಲಿ ಕುಳಿತು ಬಂದವನು ನಾನು. ಇಷ್ಟುದ್ದ ಒತ್ತಿ ಬರೆಯಲು ಕಣ್ಣು ಸಾಲದು, ಬಾಯಿಂದ ಹೇಳುತ್ತಿದ್ದೇನೆ, ಪೂರ್ತಿ ಕೇಳಿ.

ನಮ್ಮ ಬಸಣ್ಣ ಗಾಡಿ ಹೊಡೆಯುವ ರೀತಿ ನಿಮಗೆಲ್ಲ ಗೊತ್ತೇ ಇದೆ. ಶಾರದಾಳ ಮದುವೆಯ ದಿನ. ಗದಗಿನ ಬೀಗರು, ಮಂಟಪ ಹುಬ್ಬಳ್ಳಿಯಲ್ಲಿ. ಸುವರ್ಣ ಚತುಷ್ಪಥ ಬರುವ ಮೊದಲಿನ ಮಾತು. ಈಗಿನ 48ನೇ ನಂಬರಿನ ಹೆದ್ದಾರಿ ಆಗ 4ನೇ ನಂಬರು. ಹೋಗುವವರಿಗೂ ಬರುವವರಿಗೂ ಅದೇ ಒಂದು ಡಾಂಬರು, ನಡುವೆ ಡಿವೈಡರ್ ಇಲ್ಲ. ಬಂಕಾಪುರ ದಾಟಿದ ಮೇಲೆ ಮುಂದೊಂದು ಬ್ಯಾಡಗಿ ಮೆಣಸಿನಕಾಯಿ ಚೀಲದ ಲಾರಿ. ಅದರ ಘಾಟಿಗೆ ಅಂಬಾಸಿಡರ್‌ನಲ್ಲಿದ್ದ ನಾವೆಲ್ಲ ಸೀನುತ್ತಿದ್ದೆವು. ಅಷ್ಟರಲ್ಲಿ ಲಾರಿಯ ಬಲಗಡೆ ದೀಪ ಮಿನುಗತೊಡಗಿತು. “ಮಾಮಾ, ದಾರಿ ಕೊಟ್ಟ ನೋಡಿ” ಎಂದವನೇ ಬಸಣ್ಣ ನುಗ್ಗಿಸಿದ. ಕೆಲವು ಲಾರಿಯವರು ಆ ದೀಪ ಹಾಕಿದರೆ ‘ನೀನು ಮುಂದೆ ಹೋಗು’ ಎಂದರ್ಥ, ಇನ್ನು ಕೆಲವರು ಹಾಕಿದರೆ ‘ನಾನೇ ಬಲಕ್ಕೆ ಬರುತ್ತೇನೆ’ ಎಂದರ್ಥ. ಈ ಪುಣ್ಯಾತ್ಮನಿಗೆ ಆಚೆ ಬದಿಯ ಚಹಾದ ಅಂಗಡಿ ಬೇಕಾಗಿತ್ತು. ನಮ್ಮ ಗಾಡಿಯ ಮೂತಿ ಅವನ ಹಿಂದಿನ ಗಾಲಿಗೆ ಹೋಗಿ ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ಬುಂದೆ ಉಂಡಿಯ ಡಬ್ಬಿ ಹಾರಿ ಬಂದು, ಉಂಡಿಗಳೆಲ್ಲ ಬ್ರೇಕು ಕ್ಲಚ್ಚಿನ ಕೆಳಗೆ ಉರುಳಿದವು. ಬಸಣ್ಣನ ಹಣೆ ಒಡೆದು ರಕ್ತ. ಲಾರಿಯ ದೀಪ ಆಗಲೂ ಮಿನುಗುತ್ತಲೇ ಇತ್ತು.

ಅದಕ್ಕೇ ಹೇಳುತ್ತೇನೆ, ಲಾರಿಯ ಬಲಗಡೆ ದೀಪ ಕಂಡ ಕೂಡಲೇ ಮುಂದೆ ನುಗ್ಗಬೇಡ. ದೀಪ ಬಿಡು, ಅವನ ಮುಂದಿನ ಗಾಲಿ ಯಾವ ಕಡೆ ಹೊರಳುತ್ತಿದೆ ನೋಡು.

ಬಸಣ್ಣನ ಹಣೆಗೆ ಪಟ್ಟಿ ಕಟ್ಟಿಸಿ ಮಂಟಪ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದಾಗಿತ್ತು. ಬೀಗರ ಕಡೆಯ ಹಿರಿಯರು ಕೇಳಿದ ಮೊದಲ ಮಾತು ಏನು ಗೊತ್ತೇ? “ಉಂಡಿ ಎಲ್ಲಿ?” ಯಾರಿಗೆ ಪೆಟ್ಟಾಯಿತು ಎಂದಲ್ಲ! ಹೆಣ್ಣಿನ ಸೋದರಮಾವ ನಾನು. ಟೋಪಿ ಟವೆಲಿನ ಮರ್ಯಾದೆಗೆ ನನ್ನ ಹೆಸರನ್ನೇ ಕೂಗಲಿಲ್ಲ. ಆಗ ಪಕ್ಕದಲ್ಲಿ ನಿಂತು ನಕ್ಕವರು ಈ ಗುಂಪಿನಲ್ಲಿಯೇ ಇದ್ದಾರೆ, ಹೆಸರು ಹೇಳುವುದಿಲ್ಲ. ಮೊನ್ನೆ ಅವರ ಮಗಳ ಕುಬಸಕ್ಕೂ ಫೋನಿನಲ್ಲಿಯೇ ಕರೆದು ಮುಗಿಸಿದರು. ನಾಲ್ಕು ಮನೆ ಆಚೆ ಇರುವ ನಮ್ಮ ಬಾಗಿಲಿಗೆ ಬಂದು ಕುಂಕುಮ ಹಚ್ಚಿ ಕರೆಯಲು ಕಾಲು ಸವೆಯುತ್ತಿತ್ತೇ?

ಇರಲಿ. ಈಗ ರಸ್ತೆ ಅಗಲವಾಗಿದೆ, ಲಾರಿಯವರ ದೀಪದ ಅರ್ಥ ಮಾತ್ರ ಬದಲಾಗಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಅವರ ಬಲಗಡೆ ದೀಪ ನೋಡಿ ನುಗ್ಗಬೇಡ.

ಅಯ್ಯೋ, ನೀನು ಕೇಳಿದ್ದು ನಿನ್ನ ಗಾಡಿಯ ದೀಪದ ಮಾತಲ್ಲವೇ! ಟಿಕ್ ಟಿಕ್ ಅವಸರವಾಯಿತೆಂದರೆ ಸಾಮಾನ್ಯವಾಗಿ ಆ ಬದಿಯ ಮುಂದಿನದೋ ಹಿಂದಿನದೋ ಒಂದು ಬಲ್ಬ್ ಸುಟ್ಟಿರುತ್ತದೆ. ಇಂಡಿಕೇಟರ್ ಮಿನುಗಬೇಕಾದದ್ದು ನಿಮಿಷಕ್ಕೆ 60ರಿಂದ 120 ಸಲ. ಬಲ್ಬ್ ಹೋದರೆ ಅದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತದೆ. ಸುಟ್ಟದ್ದು ಹಿಂದಿನದಾದರೆ, ಸ್ಟೇರಿಂಗಿನ ಮುಂದೆ ಹಸಿರು ಬಾಣ ನಿನಗೆ ಕಾಣುತ್ತದೆ, ಹಿಂದೆ ಬರುವವನಿಗೆ ಕತ್ತಲೆ. ಅವನು ಬೈಯದೆ ಏನು ಮಾಡುತ್ತಾನೆ? ನಾಳೆ ಹೊರಡುವ ಮೊದಲು ಮಹೇಶನನ್ನು ಗಾಡಿಯ ಹಿಂದೆ ನಿಲ್ಲಿಸಿ ದೀಪ ಹಾಕಿ ನೋಡು. ಉರಿಯದಿದ್ದರೆ ಬಸ್ಸಿಗೆ ಹೋಗು, ಗಾಡಿಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಬಿಡು. ಹಳೆಯ ಬಲ್ಬನ್ನೇ ತೋರಿಸಿ ಅದೇ ವ್ಯಾಟಿನದನ್ನು ಹಾಕಿಸು. ಎಲ್‌ಇಡಿ ಹಾಕುತ್ತೇನೆ, ಚೆನ್ನಾಗಿ ಕಾಣುತ್ತದೆ ಎಂದು ಅಂಗಡಿಯವನು ಹೇಳಿದರೆ ಬೇಡ ಎನ್ನು. ಅದು ಎಳೆಯುವ ಕರೆಂಟು ಕಡಿಮೆ, ಬಲ್ಬ್ ಸುಟ್ಟಿದೆ ಎಂದೇ ತಿಳಿದು ಗಾಡಿ ಮತ್ತೆ ಹಾಗೆಯೇ ಬಡಿದುಕೊಳ್ಳಬಹುದು.