ಕೊಲಾಜನ್ ನೀರಿನ ಮೇಲೆ ಸ್ಟಿಯರಿಕ್ ಆಮ್ಲದ ಪದರ: ಐಸೋಥರ್ಮ್ ಒಂದೇ ಥರ ಬರುತ್ತಿಲ್ಲ

ಪದರ_ವಿಜಯಪುರ:
ಒಂದಣು ದಪ್ಪದ ಪದರವನ್ನು ಬ್ಯಾರಿಯರ್‌ನಿಂದ (ಸರಿಯುವ ತಡೆಪಟ್ಟಿ) ಒತ್ತುತ್ತ ಐಸೋಥರ್ಮ್ (ಒಂದೇ ಉಷ್ಣತೆಯಲ್ಲಿ ಜಾಗಕ್ಕೆ ತಕ್ಕ ಪ್ರೆಷರ್‌ನ ಗ್ರಾಫ್) ತೆಗೆಯುತ್ತಿದ್ದೇನೆ. ಟೆಫ್ಲಾನ್ ಟ್ರಫ್ (ತೊಟ್ಟಿ) 30×10 ಸೆಂ.ಮೀ., ನೀರಿನ ಆಳ 5 ಮಿ.ಮೀ. ಮೇಲ್ಮೈ ಎಳೆತ ಅಳೆಯುವ ವಿಲ್ಹೆಲ್ಮಿ ಪ್ಲೇಟ್ ಫಿಲ್ಟರ್ ಕಾಗದದ್ದು, ಅಗಲ 10 ಮಿ.ಮೀ., ಅನಲಿಟಿಕಲ್ ಬ್ಯಾಲೆನ್ಸ್‌ನ ಕೆಳಕೊಂಡಿಗೆ ತೂಗುಹಾಕಿದೆ. ಕೊಲಾಜನ್ (ತೊಗಲಿನ ಎಳೆ ಪ್ರೋಟೀನ್) ತೆಗೆದದ್ದು ಅಥಣಿ ಕಡೆಯ ಎಮ್ಮೆ ತೊಗಲಿನಿಂದ: ಸುಣ್ಣದಲ್ಲಿ ನೆನೆಸಿದ್ದು, ಹದ ಮಾಡಿಲ್ಲ. 0.5 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಮಿಲಿಲೀಟರಿಗೆ 1 ಮಿ.ಗ್ರಾಂ ಇರುವ ದ್ರಾವಣದಲ್ಲಿ 1.5 ಮಿ.ಲೀ. ಅನ್ನು 150 ಮಿ.ಲೀ. ನೀರಿಗೆ ಹಾಕುತ್ತೇನೆ. ಮೇಲೆ ಕ್ಲೋರೋಫಾರ್ಮ್‌ನಲ್ಲಿರುವ ಸ್ಟಿಯರಿಕ್ ಆಮ್ಲ (1 ಮಿ.ಗ್ರಾಂ/ಮಿ.ಲೀ.) 50 ಮೈಕ್ರೋಲೀಟರ್. ಸರ್ಫೇಸ್ ಪ್ರೆಷರ್ (ಪದರದಿಂದ ನೀರಿನ ಮೇಲ್ಮೈ ಎಳೆತ ಇಳಿದ ಪ್ರಮಾಣ) ಸೊನ್ನೆಯಿಂದ ಶುರುವಾಗುವುದಿಲ್ಲ, ಬ್ಯಾರಿಯರ್ ನಿಲ್ಲಿಸಿದರೂ ಏರುತ್ತದೆ, ಬೆಳಗಿನ ಗ್ರಾಫ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಸ್ಟಿಯರಿಕ್ ಬದಲು ಎಸ್‌ಡಿಎಸ್ (ಸೋಡಿಯಂ ಡೋಡೆಸಿಲ್ ಸಲ್ಫೇಟ್, ಸೋಪಿನಂಥದ್ದು) ಹಾಕಿದರೆ ಪದರವೇ ನಿಲ್ಲುವುದಿಲ್ಲ.

ಟ್ರಫ್_ಬಾಗಲಕೋಟೆ:
ಮೊದಲ ಕೊಲಾಜನ್ ಬದಿಗಿಡ್ರಿ. ಬರೇ ಡಿಸ್ಟಿಲ್ಡ್ ನೀರ ತುಂಬಿ ಬ್ಯಾರಿಯರ್ ಪೂರ್ತಿ ಒತ್ತಿ ನೋಡ್ರಿ. 0.3 ಮಿಲಿನ್ಯೂಟನ್/ಮೀ. ಮೀರಿ ಏರಿದ್ರ ಟ್ರಫ್ ಹೊಲಸೈತಿ. ಕ್ಲೋರೋಫಾರ್ಮ್, ಆಮ್ಯಾಲೆ ಎಥನಾಲ್ ಹಚ್ಚಿ ಒರಸ್ರಿ. ಬ್ಯಾರಿಯರ್ ಒತ್ತಿದಾಗ ಮ್ಯಾಲಿನ ನೀರು ಆಸ್ಪಿರೇಟರ್‌ನಿಂದ ಎಳೀರಿ. ಬೋರ್ ನೀರು ಹತ್ರಾನೂ ತರಬ್ಯಾಡ್ರಿ, ಅದರಾಗಿನ ಕ್ಯಾಲ್ಸಿಯಂ ಸ್ಟಿಯರೇಟ್‌ಗೆ ಅಂಟಿ ಪದರ ಗಟ್ಟಿ ಮಾಡ್ತದ.

ತೊಯ್ದ ಕಾಗದ ಗಾಳಿಯಾಗ ಟೇರ್ ಮಾಡಿ (ತೂಕ ಸೊನ್ನೆಗೆ ತಂದು), ಆಮ್ಯಾಲೆ ನೀರಿಗೆ ಮುಟ್ಟಸ್ರಿ. ಸುತ್ತಳತೆ 20 ಮಿ.ಮೀ., ಅಂದ್ರ 25 ಡಿಗ್ರಿಯಾಗ ಸ್ವಚ್ಛ ನೀರು ಸುಮಾರು 147 ಮಿ.ಗ್ರಾಂ ಎಳೀಬೇಕು. 0.1 ಮಿ.ಗ್ರಾಂ ಅಂದ್ರ 0.05 ಮಿಲಿನ್ಯೂಟನ್/ಮೀ.

50 ಮೈಕ್ರೋಲೀಟರ್ ಜಾಸ್ತಿ ಆತು. 300 ಚದರ ಸೆಂ.ಮೀ.ಗೆ ಅಣುವೊಂದಕ್ಕ 0.28 ಚದರ ನ್ಯಾನೋಮೀಟರ್ ಅಷ್ಟ ಸಿಗ್ತದ. ಸ್ಟಿಯರಿಕ್ ಅಣು ಒತ್ತೊತ್ತಾಗಿ ನಿಂತ್ರನ 0.20 ಬೇಕು. 25 ಹಾಕ್ರಿ, 0.57ರಿಂದ ಶುರು ಆಗ್ತದ. ಗಾಜಿನ ಸಿರಿಂಜ್ ಹಿಡೀರಿ, ಪ್ಲಾಸ್ಟಿಕ್ ತುದಿಯಾಗಿನ ವಸ್ತು ಕ್ಲೋರೋಫಾರ್ಮ್‌ಗೆ ಬಿಟ್ಟು ಪದರಕ್ಕ ಸೇರ್ತದ. ಹರಡಿ 15 ನಿಮಿಷ ಬಿಡ್ರಿ.

ಮಧ್ಯಾಹ್ನದ ಸಮಸ್ಯೆ ಸೆಖಿ. ಕೊಲಾಜನ್‌ನ ಮೂರೆಳೆ ಸುರುಳಿ 40 ಡಿಗ್ರಿ ಹತ್ರ ಬಿಚ್ಚತದ, ಆಮ್ಲದಾಗ ಇನ್ನೂ ಮೊದಲ. ಬಿಚ್ಚಿದ ಮ್ಯಾಲೆ ನೀವು ಅಳೆಯೂದು ಜೆಲಾಟಿನ್. ವಿಜಯಪುರದ ಏಪ್ರಿಲ್ ಬಿಸಿಲಾಗ ಟ್ರಫ್ ಕೆಳಗ ಬಾತ್ ನೀರು ಹರಿಸಿ 20 ಡಿಗ್ರಿ ಹಿಡೀಲೇಬೇಕು. ಫ್ಯಾನ್ ಬಂದ್ ಮಾಡಿ ಮುಚ್ಚಳ ಹಾಕ್ರಿ. ನೀರು ಆರಿ ಮಟ್ಟ ಇಳಿದ್ರ ಪ್ಲೇಟ್ ತೂಕ ಸುಳ್ಳ ಹೇಳ್ತದ, ಎರಿ ಮಣ್ಣಿನ ಧೂಳೂ ಬೀಳ್ತದ.

ವಿದ್ಯುದಂಶ_ಬೆಳಗಾವಿ:
ಮೇಲಿನದೆಲ್ಲ ಸರಿ. ಆದರೆ ನಿಜವಾದ ಗೊಂದಲ ಪಿಎಚ್‌ನಲ್ಲಿದೆ. ನಿಮ್ಮ 1.5 ಮಿ.ಲೀ. ಜೊತೆ ಬಂದ ಅಸಿಟಿಕ್ ಆಮ್ಲ ಟ್ರಫ್‌ನಲ್ಲಿ 5 ಮಿಲಿಮೋಲಾರ್ ಆಗುತ್ತದೆ, ಪಿಎಚ್ ಸುಮಾರು 3.5. ಅಲ್ಲಿ ಕೊಲಾಜನ್ ಧನ ವಿದ್ಯುದಂಶದ್ದು, ಸ್ಟಿಯರಿಕ್ ಆಮ್ಲಕ್ಕೆ ವಿದ್ಯುದಂಶವೇ ಇಲ್ಲ. ಎರಡರ ನಡುವೆ ವಿದ್ಯುದಂಶದ ಸೆಳೆತಕ್ಕೆ ಕಾರಣವೇ ಇಲ್ಲ. ಕೊಲಾಜನ್ ತಾನಾಗಿ ಗಂಟೆಗಟ್ಟಲೆ ಮೇಲ್ಮೈಗೆ ಬಂದು ಕೂರುತ್ತದೆ, ಬ್ಯಾರಿಯರ್ ನಿಂತರೂ ಪ್ರೆಷರ್ ಏರುವುದು ಅದಕ್ಕೇ. ಸ್ಟಿಯರಿಕ್ ಇಲ್ಲದೆ ಕೊಲಾಜನ್ ಒಂದೇ ಇರುವ ಏರಿಕೆಯನ್ನು ಮೊದಲು ಪ್ರತ್ಯೇಕವಾಗಿ ದಾಖಲಿಸಿ, ಅದು ಸಪಾಟಾದ ಮೇಲೆ ಹರಡಿ.

ಎರಡನೆಯದು ಸುಣ್ಣ. ಸಹಜ ಕೊಲಾಜನ್‌ನ ಐಸೋಎಲೆಕ್ಟ್ರಿಕ್ ಬಿಂದು (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) 9ರ ಆಸುಪಾಸು. ಸುಣ್ಣದಲ್ಲಿ ಹೆಚ್ಚು ದಿನ ನೆನೆದಷ್ಟೂ ಅಮೈಡ್ ಗುಂಪುಗಳು ಆಮ್ಲವಾಗಿ ಅದು ಕೆಳಗಿಳಿಯುತ್ತದೆ. ಸುಣ್ಣ ಹಾಕಿ ಮಾಡುವ ಜೆಲಾಟಿನ್‌ನಲ್ಲಿ 5ರ ಹತ್ತಿರ. ಹಾಗಾಗಿ ಪಿಎಚ್ 6ಕ್ಕೆ ಏರಿಸಿದರೂ ಸ್ಟಿಯರೇಟ್ ಜೊತೆ ಅದು ಸೇರುವ ಖಾತ್ರಿ ಇಲ್ಲ. ಹದ ಮಾಡಿದ ಚಪ್ಪಲಿ ತೊಗಲಂತೂ ಬೇಡ, ಟ್ಯಾನಿನ್ ಎಳೆಗಳನ್ನು ಕಟ್ಟಿಹಾಕಿರುತ್ತದೆ, ಕರಗುವುದಿಲ್ಲ.

ಪದರ_ವಿಜಯಪುರ:
ಹಾಗಾದರೆ ಯಾವ ತೊಗಲು ತರಲಿ? ಎಸ್‌ಡಿಎಸ್ ವಿಷಯ?

ವಿದ್ಯುದಂಶ_ಬೆಳಗಾವಿ:
ಉಪ್ಪು ಹಾಕಿದ, ಸುಣ್ಣ ಕಾಣದ ಆಡಿನ ಹಸಿ ತೊಗಲು, ಆದಷ್ಟು ಎಳೆಯ ಪ್ರಾಣಿಯದು. ಮುದಿ ತೊಗಲು ಆಮ್ಲಕ್ಕೆ ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಕೂದಲು, ಕೊಬ್ಬು ಕೆರೆದು ಸಣ್ಣಗೆ ಕತ್ತರಿಸಿ, 0.5 ಮೋಲಾರ್ ಅಸಿಟಿಕ್‌ನಲ್ಲಿ 4 ಡಿಗ್ರಿಯಲ್ಲಿ 48 ಗಂಟೆ ತಿರುಗಿಸಿ. ಸೆಂಟ್ರಿಫ್ಯೂಜ್ ಮಾಡಿ, ತಿಳಿಗೆ 0.9 ಮೋಲಾರ್ ಆಗುವಷ್ಟು ಸೋಡಿಯಂ ಕ್ಲೋರೈಡ್ ಹಾಕಿದರೆ ಕೊಲಾಜನ್ ತಳಕ್ಕೆ ಕೂರುತ್ತದೆ. ಮತ್ತೆ ಕರಗಿಸಿ ಡಯಾಲಿಸಿಸ್ (ಪೊರೆಯ ಮೂಲಕ ಉಪ್ಪು ತೆಗೆಯುವುದು). ಇದೆಲ್ಲ ತಣ್ಣಗೇ ನಡೆಯಬೇಕು.

ಎಸ್‌ಡಿಎಸ್ ನೀರಲ್ಲಿ ಕರಗುವಂಥದ್ದು, ಒತ್ತಿದರೆ ಕೆಳಗಿಳಿಯುತ್ತದೆ. ಅದಕ್ಕೆ ಐಸೋಥರ್ಮ್ ಕೇಳಬೇಡಿ. ಸಾಂದ್ರತೆ ಬದಲಿಸುತ್ತ ಮೇಲ್ಮೈ ಎಳೆತ ಅಳೆಯಿರಿ. ಶುದ್ಧ ನೀರಲ್ಲಿ 8 ಮಿಲಿಮೋಲಾರ್ ಹತ್ತಿರ ಮೈಸೆಲ್ (ಅಣುಗಳ ಗುಂಪು) ಕಟ್ಟುತ್ತದೆ, ಆಮ್ಲೀಯ ಕೊಲಾಜನ್ ಇದ್ದರೆ ಅದಕ್ಕಿಂತ ಬಹಳ ಮುಂಚೆಯೇ ಎಳೆತ ಇಳಿದು ದ್ರಾವಣ ಮಬ್ಬಾಗುತ್ತದೆ. ಪೊಟ್ಯಾಸಿಯಂ ಬಫರ್ ಬೇಡ, ಡೋಡೆಸಿಲ್ ಸಲ್ಫೇಟ್ ಹರಳುಗಟ್ಟುತ್ತದೆ. ಋಣ ಪದರವೇ ಬೇಕಿದ್ದರೆ ಸೋಡಿಯಂ ಆಕ್ಟಾಡೆಸಿಲ್ ಸಲ್ಫೇಟ್ ಹರಡಿ, ಪಿಎಚ್ 3.5ರಲ್ಲೂ ಅದರ ವಿದ್ಯುದಂಶ ಉಳಿಯುತ್ತದೆ.