ಹೈಸ್ಕೂಲು ಪಟ್ಟಣದಲ್ಲಿ ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಸಿಗುತ್ತಾ?

ಕೆರೆಏರಿ: ಮಗಳು 1ರಿಂದ 7 ಹಳ್ಳಿಯ ಸರ್ಕಾರಿ ಶಾಲೆ, 8ರಿಂದ 10 ಪಟ್ಟಣ ಪಂಚಾಯಿತಿ ಊರಿನ ಅನುದಾನಿತ ಹೈಸ್ಕೂಲು. ಪೂರ್ತಿ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ. ಪ್ರವರ್ಗ 2ಎ. ಇಂಜಿನಿಯರಿಂಗ್ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡನ್ನೂ ಕೇಳಬಹುದಾ?

ಬಯಲುಸೀಮೆ: ಗ್ರಾಮೀಣ ಬರಲ್ಲ. ಆ ಕೋಟಾದ 15% ಸೀಟು ಬೇಕಾದರೆ 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಪಟ್ಟಣ ಪಂಚಾಯಿತಿ ನಗರದ ಲೆಕ್ಕಕ್ಕೇ ಹೋಗುತ್ತೆ. ಮನೆ ಹಳ್ಳಿಯಲ್ಲಿದೆ, ದಿನಾ ಬಸ್ಸಲ್ಲಿ ಹೋಗಿ ಬರ್ತಿದ್ದಳು ಅನ್ನೋದು ನಡೆಯಲ್ಲ. ನೋಡೋದು ಶಾಲೆ ಎಲ್ಲಿತ್ತು ಅಂತ.

ಕನ್ನಡ ಮಾಧ್ಯಮದ 5% ಸೀಟು ಮಾತ್ರ ಧಾರಾಳವಾಗಿ ಕೇಳಿ. ಅದಕ್ಕೆ ಊರಿನ ಹಂಗಿಲ್ಲ, 1ರಿಂದ 10 ಕನ್ನಡದಲ್ಲಿ ಓದಿದ್ದರೆ ಸಾಕು. ಪಿಯುಸಿ ಯಾವ ಮಾಧ್ಯಮವಾದರೂ ಅಡ್ಡಿಯಿಲ್ಲ. ಎರಡು ಶಾಲೆ ಆಗಿರೋದರಿಂದ ಎರಡೂ ಕಡೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಮಾಡಿಸಿಡಿ.

ಅಡಿಕೆತೋಟ: ಮೊದಲು ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನೋಡಿಸಿ. ಒಂದೇ ಹೈಸ್ಕೂಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ವಿಭಾಗ ಇದ್ದರೆ ಯಾವುದೋ ಒಂದು ವರ್ಷ ‘ಇಂಗ್ಲಿಷ್’ ಅಂತ ಬಿದ್ದಿರಬಹುದು. ಕೈಯಲ್ಲಿ ಪ್ರಮಾಣಪತ್ರ ಒಂದು ಹೇಳಿ, ದಾಖಲೆ ಇನ್ನೊಂದು ಹೇಳಿದರೆ ಪರಿಶೀಲನೆಯಲ್ಲಿ ಕೋಟಾ ಹೋಗಿ ಬರೀ 2ಎಜಿ (ಯಾವ ಕೋಟಾವೂ ಇಲ್ಲದ 2ಎ) ಉಳಿಯುತ್ತೆ. ತಿದ್ದುಪಡಿ ಶಾಲೆಯಿಂದ ಬಿಇಒ ಕಚೇರಿಗೆ ಹೋಗಬೇಕು. ಆ ಕಚೇರಿಗಳ ವೇಗ ಗೊತ್ತೇ ಇದೆಯಲ್ಲ, ಅರ್ಜಿ ಶುರುವಾಗೋ ಮುಂಚೆಯೇ ಮುಗಿಸಿ.

ಜಾತಿ-ಆದಾಯ ಪತ್ರದ ಮೇಲಿರೋ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಹಾಕುವಾಗಲೂ ಅದೇ ಎಚ್ಚರ: ಹೆಸರು, ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹಾಗೇ ಇರಲಿ. ಇಲ್ಲದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ.

ಕೆರೆಏರಿ: ತುಂಬಾ ಉಪಕಾರ ಸರ್. ಆಪ್ಷನ್ ಎಂಟ್ರಿಯಲ್ಲಿ 2ಎಕೆಗೆ (2ಎ ಕನ್ನಡ ಮಾಧ್ಯಮ) ಬೇರೆ, 2ಎಜಿಗೆ ಬೇರೆ ಪಟ್ಟಿ ಹಾಕಬೇಕಾ?

ಬಯಲುಸೀಮೆ: ಬೇಡ. ಕಾಲೇಜು, ಬ್ರಾಂಚ್ ಆಸೆಯ ಕ್ರಮದಲ್ಲಿ ಹಾಕಿ ಅಷ್ಟೇ. ಜಿಎಂ (ಜನರಲ್ ಮೆರಿಟ್) ಸೇರಿ ಅವಳಿಗೆ ಅರ್ಹತೆ ಇರೋ ಎಲ್ಲ ವರ್ಗವನ್ನೂ ಕಂಪ್ಯೂಟರೇ ನೋಡುತ್ತೆ. ಹಿಂದಿನ ವರ್ಷದ ಕಟಾಫ್ (ಕೊನೆಯ ಸೀಟು ಸಿಕ್ಕ ರ್‍ಯಾಂಕ್) ನೋಡುವಾಗ 2ಎಕೆ ಕಾಲಂ ಬಿಡಬೇಡಿ. ಸೀಟು ಕಮ್ಮಿ ಇರೋದರಿಂದ ಆ ಅಂಕಿ ವರ್ಷದಿಂದ ವರ್ಷಕ್ಕೆ ಜಿಗಿಯುತ್ತೆ. ಅದನ್ನೇ ನಂಬಿ ಐದಾರು ಆಪ್ಷನ್ ಹಾಕಿ ಕೂತರೆ ಕೆಟ್ಟಿರಿ. ‘ಇದು ಸಿಗಲ್ಲ’ ಅನ್ನೋ ಕಾಲೇಜು ಮೇಲಿದ್ದರೆ ನಷ್ಟವೇನಿಲ್ಲ. ಸಿಕ್ಕರೂ ಸೇರಲ್ಲ ಅನ್ನೋದನ್ನು ಮಾತ್ರ ಹಾಕಬೇಡಿ.

ಅಡಿಕೆತೋಟ: ಸೀಟು ಬಂದ ಮೇಲೆ ಏನು ಮಾಡ್ತೀರಿ ಅಂತ ‘ಚಾಯ್ಸ್’ ಕೇಳ್ತಾರೆ. ಚಾಯ್ಸ್ 2 ಅಂದರೆ ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಹೋಗೋದು, ಚಾಯ್ಸ್ 3 ಅಂದರೆ ಇದನ್ನು ಬಿಟ್ಟು ಹೋಗೋದು. ಚಾಯ್ಸ್ 2ರಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗೇ ರದ್ದು, ಆಮೇಲೆ ‘ಮೊದಲಿನದೇ ಇರಲಿ’ ಅಂದರೆ ಕೊಡಲ್ಲ. ಶುಲ್ಕ ಯಾವಾಗ ಕಟ್ಟಬೇಕು ಅನ್ನೋದನ್ನು ಆಯಾ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೂಚನೆಯಲ್ಲೇ ಓದಿ, ಯೂಟ್ಯೂಬ್ ನಂಬಬೇಡಿ.